ಬೆನ್ನಿನ ಡಿಸ್ಕಿಗೆ ಬಿಸಿ ತಂತಿ: ಬೆಳಗಾವಿಯ ಒಂದು ಪೇನ್ ಕ್ಲಿನಿಕ್ಕಿನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಡಾಕ್ಟರಿಗೆ ಪೂರ್ತಿ ಅಂಕ, ಕೌಂಟರಿಗೆ ಸೊನ್ನೆ. ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ, ಕೇಳಬೇಡಿ. ಡಿಸ್ಕಿನೊಳಗೆ ತಂತಿ ಹಾಕಿ ಕಾಯಿಸುವ ಈ ಚಿಕಿತ್ಸೆ ಯಾರಿಗೆ ಸರಿ, ಯಾರಿಗೆ ಸುಮ್ನೆ ದುಡ್ಡು ದಂಡ, ಅದಷ್ಟನ್ನೇ ಹೇಳಬೇಕು ಅಂತ ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೇ ಒಂದು ಸುದ್ದಿ, ಯಾಕೆಂದರೆ ಹೋದ ವರ್ಷ ಕೂರಲು ಆಗುತ್ತಿರಲಿಲ್ಲ.

ನಾನು ಉದ್ಯಮಬಾಗದಲ್ಲಿ ಹೀಟ್ ಟ್ರೀಟ್‌ಮೆಂಟ್ ಶಾಪಿನವನು, ಲೋಹದ ಸಾಮಾನನ್ನು ಫರ್ನೇಸಿನಲ್ಲಿ ಕಾಯಿಸಿ ಹದ ಮಾಡುವ ಕೆಲಸ. ಟ್ರೇ ಎತ್ತಿ ಇಳಿಸಿ ಸೊಂಟ ಹೋಯಿತು. ನಿಂತರೆ, ನಡೆದರೆ ಪರವಾಗಿಲ್ಲ. ಕೂತರೆ ಸೊಂಟದ ನಡುವೆ ಮೊಳೆ ಹೊಡೆದಂತೆ ನೋವು. ಖಾನಾಪುರ ರಸ್ತೆಯಲ್ಲಿ ಬೈಕ್ ಒಂದು ಹಂಪ್ ಹತ್ತಿ ಇಳಿದರೆ ಕಣ್ಣಲ್ಲಿ ನೀರು. ಆದರೆ ನೋವು ಕಾಲಿಗೆ ಇಳಿಯುತ್ತಿರಲಿಲ್ಲ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಎಲ್ಲ ತೀರ್ಮಾನ ಆಗುವುದು ಇದರ ಮೇಲೇ. ಮಾತ್ರೆ, ಫಿಜಿಯೋಥೆರಪಿ, ಟ್ರ್ಯಾಕ್ಷನ್, ಅವ್ವನ ಎಳ್ಳೆಣ್ಣೆ ಎಲ್ಲ ಆಗಿತ್ತು.

ಡಾಕ್ಟರ್ ಎಂಆರ್‌ಐ ಫಿಲ್ಮ್ ಹಿಡಿದು ಸಾವಕಾಶ ಹೇಳಿದರು. ಡಿಸ್ಕ್ ಅಂದರೆ ನಡುವೆ ಮೆತ್ತಗಿನ ಜೆಲ್, ಅದರ ಸುತ್ತ ಪದರ ಪದರವಾಗಿ ಗಟ್ಟಿ ನಾರಿನ ಉಂಗುರ. ಜೆಲ್ಲಿನಲ್ಲಿ ನರ ಇಲ್ಲ, ಉಂಗುರದ ಹೊರಗಿನ ಪದರಗಳಲ್ಲಿ ಮಾತ್ರ ಇವೆ. ಉಂಗುರ ಸೀಳಿದರೆ ಆ ಬಿರುಕು ಹಿಡಿದು ಸಣ್ಣ ನರಗಳು ಒಳಗೂ ಬೆಳೆಯುತ್ತವೆ. ಕೂತಾಗ ಡಿಸ್ಕಿನ ಮೇಲೆ ಒತ್ತಡ ಜಾಸ್ತಿ, ಹಾಗಾಗಿ ನೋವೂ ಜಾಸ್ತಿ. ಇದು ಡಿಸ್ಕಿನದೇ ನೋವು. ಡಿಸ್ಕ್ ಹೊರಗೆ ಉಬ್ಬಿ ಕಾಲಿನ ನರ ಅಮುಕಿ ಬರುವ ನೋವು ಬೇರೆ, ಅದಕ್ಕೆ ಈ ಬಿಸಿ ತಂತಿಯಿಂದ ಏನೂ ಆಗುವುದಿಲ್ಲ.

ಈ ಪದ್ಧತಿಯನ್ನು 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಸಾಲ್ ಅನ್ನುವ ಅಣ್ಣತಮ್ಮ ಡಾಕ್ಟರುಗಳು ಶುರು ಮಾಡಿದರು. ಐಡೆಟ್ (IDET) ಅನ್ನುತ್ತಾರೆ. ಆಮೇಲೆ ರೇಡಿಯೋ ಫ್ರೀಕ್ವೆನ್ಸಿಯಿಂದ ಬಿಸಿಯಾಗುವ ಬೇರೆ ಬೇರೆ ಪ್ರೋಬ್‌ಗಳೂ ಬಂದವು. ನನಗೆ ಹಾಕಿದ್ದು ಹಳೆಯ ಪದ್ಧತಿಯ ಪ್ರಕಾರವೇ.

ಬಿಸಿ ತಂತಿಗೆ ಮೊದಲು ಡಿಸ್ಕೋಗ್ರಾಂ ಅಂತ ಒಂದು ಪರೀಕ್ಷೆ ಇದೆ. ಡಿಸ್ಕಿನೊಳಗೆ ಸೂಜಿ ಇಳಿಸಿ ಬಣ್ಣದ ಔಷಧ ಒತ್ತುತ್ತಾರೆ. ನಿಮ್ಮ ದಿನದ ನೋವೇ ಎದ್ದು ಬಂದರೆ ಕಳ್ಳ ಆ ಡಿಸ್ಕೇ. ಪಕ್ಕದ ಚೆನ್ನಾಗಿರುವ ಡಿಸ್ಕಿಗೂ ಚುಚ್ಚಿ ಹೋಲಿಸುತ್ತಾರೆ. ಇಡೀ ಚಿಕಿತ್ಸೆಯಲ್ಲಿ ಜಾಸ್ತಿ ನೋವು ಕೊಟ್ಟದ್ದು ಇದೇ, ಬಿಸಿ ತಂತಿ ಅಲ್ಲ. ನನ್ನ ತಕರಾರೂ ಇದರ ಬಗ್ಗೆಯೇ. ಹೀಗೆ ಸೂಜಿ ಚುಚ್ಚಿದ ಡಿಸ್ಕುಗಳು ಮುಂದೆ ಬೇಗ ಸವೆಯುತ್ತವೆ ಅಂತ 2009ರಲ್ಲೇ ಒಂದು ಅಧ್ಯಯನ ಬಂದಿದೆ. ಸಹಿ ಹಾಕಿಸಿಕೊಂಡ ಕಾಗದದಲ್ಲಿ ಆ ಮಾತೇ ಇರಲಿಲ್ಲ. ಚೆನ್ನಾಗಿರುವ ಡಿಸ್ಕಿಗೂ ಚುಚ್ಚುವ ಮೊದಲು ಒಂದು ಮಾತು ಹೇಳಬೇಕು, ಅಲ್ವಾ?

ಇನ್ನು ತಂತಿಯ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಕಾಯಿಸುವುದೇ ನನ್ನ ಕಸುಬು ನೋಡಿ. ಸೀಲ್ ಇದ್ದ ಪ್ಯಾಕೆಟ್ಟನ್ನು ನನ್ನ ಕಣ್ಣೆದುರೇ ಒಡೆದರು. ಒಬ್ಬರಿಗೆ ಒಂದೇ ಸಲ ಬಳಸುವ ಸಾಮಾನು ಇದು, ನೀವೂ ನೋಡಿಯೇ ಒಪ್ಪಿಕೊಳ್ಳಿ. ತೆಳ್ಳಗಿನ ತಂತಿ, ಕೊನೆಯ ಕೆಲವು ಸೆಂಟಿಮೀಟರ್ ಮಾತ್ರ ಬಿಸಿಯಾಗುವ ಕಾಯಿಲ್. ಬೋರಲು ಮಲಗಿಸಿ, ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಿ-ಆರ್ಮ್ ಎಕ್ಸ್‌ರೇ ನೋಡುತ್ತ ಓರೆಯಾಗಿ ಸೂಜಿ ಇಳಿಸುತ್ತಾರೆ. ಆ ಸೂಜಿಯೊಳಗಿಂದ ತಂತಿ ಹೋಗಿ, ಉಂಗುರದ ಒಳಗೋಡೆಗೆ ತಾಗಿ, ತಾನೇ ಬಾಗುತ್ತ ಸುತ್ತಿಕೊಂಡು ಹಿಂಭಾಗದ ಸೀಳಿನವರೆಗೆ ಬರಬೇಕು. ತಂತಿ ಬಾಗಬೇಕು, ಆದರೆ ಮಡಚಬಾರದು. ಮಡಚಿದ್ದನ್ನು ಜೋರಾಗಿ ಎಳೆದರೆ ಒಳಗೇ ತುಂಡಾಗುವ ಭಯ. ನನ್ನದು ಒಂದು ಬಿರುಕಿಗೆ ತಲೆ ಕೊಟ್ಟು ನಿಂತುಬಿಟ್ಟಿತು, ಪಕ್ಕದ ಪರದೆಯಲ್ಲಿ ನನಗೇ ಕಾಣುತ್ತಿತ್ತು. ಡಾಕ್ಟರ್ ಒತ್ತಾಯ ಮಾಡಲಿಲ್ಲ. ಹಿಂದೆ ಎಳೆದರು, ಬೆರಳಲ್ಲಿ ಸ್ವಲ್ಪ ತಿರುವಿದರು, ಮತ್ತೆ ಬಿಟ್ಟರು. ಗೆರೆ ಬರೆದಂತೆ ಸುತ್ತಿ ಬಂತು. ಆ ಕೈಗೇ ನಾನು ಅಂಕ ಕೊಟ್ಟದ್ದು.

ಬಿಸಿ ಕೊಡುವ ಪದ್ಧತಿ ನೋಡಿ ನನಗೆ ನಗು ಬಂತು, ನಮ್ಮ ಫರ್ನೇಸಿನ ಚಾರ್ಟೇ ಅದು. 65 ಡಿಗ್ರಿಯಿಂದ ಶುರು, ಪ್ರತಿ 30 ಸೆಕೆಂಡಿಗೆ ಒಂದು ಡಿಗ್ರಿ ಏರಿಕೆ, 90ಕ್ಕೆ ಮುಟ್ಟಿದ ಮೇಲೆ 4 ನಿಮಿಷ ಸೋಕಿಂಗ್, ಅಂದರೆ ಅದೇ ಬಿಸಿಯಲ್ಲಿ ಹಿಡಿದಿಡುವುದು. ಎಲ್ಲ ಸೇರಿ ಹದಿನಾರೂವರೆ ನಿಮಿಷ. 90 ಅಂದರೆ ತಂತಿಯ ಬಿಸಿ, ಡಿಸ್ಕಿನದಲ್ಲ. ಕೆಲವೇ ಮಿಲಿಮೀಟರ್ ದೂರ ಹೋದರೆ ಬಿಸಿ ಬೇಗ ಇಳಿದುಬಿಡುತ್ತದೆ. 45ರ ಆಸುಪಾಸಿನಲ್ಲಿ ಸಣ್ಣ ನರ ಸಾಯುತ್ತದೆ, 60 ದಾಟಿದರೆ ನಾರು ಕುಗ್ಗಿ ಬಿಗಿಯಾಗುತ್ತದೆ ಅನ್ನುವುದು ಇದರ ಹಿಂದಿನ ಲೆಕ್ಕ. ಹಾಗಾಗಿ ತಂತಿ ಸೀಳಿನ ಹತ್ತಿರ ಕೂತಿಲ್ಲ ಅಂದರೆ ಕಾಯಿಸಿದ್ದೆಲ್ಲ ದಂಡ. ಪೂರ್ತಿ ನಿದ್ದೆ ಬರುವ ಔಷಧ ಕೊಡುವುದಿಲ್ಲ. ಬಿಸಿ ಏರುವಾಗ "ಕಾಲಿಗೆ ಝುಮ್ ಅಂದ್ರ ತಡಕೋಬ್ಯಾಡ್ರಿ, ಕೂಡ್ಲೇ ಹೇಳ್ರಿ" ಅಂತ ಡಾಕ್ಟರ್ ಹೇಳುತ್ತಲೇ ಇದ್ದರು. ನರಕ್ಕೆ ಬಿಸಿ ತಾಗುತ್ತಿದೆಯೋ ಇಲ್ಲವೋ ತಿಳಿಯಲು ರೋಗಿಯ ಬಾಯಿಯೇ ಬೇಕು. 80ರ ನಂತರ ಸೊಂಟದಲ್ಲಿ ಹಳೆಯ ನೋವೇ ಜೋರಾಗಿ ಎದ್ದಿತು, ಕಾಲಿಗೆ ಏನೂ ಬರಲಿಲ್ಲ. ಸಂಜೆ ಮನೆಗೆ ಕಳಿಸಿದರು.

ಈಗ ಕೌಂಟರಿನ ಕಥೆ. ಮೊದಲ ದಿನವೇ ಅಲ್ಲಿದ್ದ ಹುಡುಗಿ, "ಕಾಕಾ, ಇದು ಲೇಸರ್ ಐತ್ರಿ, ಆಪರೇಷನ್ ಅಲ್ಲ, ನಾಳೆನ ಡ್ಯೂಟಿಗೆ ಹೋಗ್ರಿ" ಅಂದಳು. ಅಲ್ಲಿ ಲೇಸರ್ ಇರಲೇ ಇಲ್ಲ. ಡ್ಯೂಟಿ ಮಾತು ಬಿಡಿ, ಆರು ವಾರ ಸೊಂಟಕ್ಕೆ ಬೆಲ್ಟ್. ಭಾರ ಎತ್ತುವಂತಿಲ್ಲ, ಬಗ್ಗುವಂತಿಲ್ಲ, ಜಾಸ್ತಿ ಹೊತ್ತು ಕೂರುವಂತಿಲ್ಲ. ಮೊದಲ ಕೆಲವು ವಾರ ನೋವು ಮೊದಲಿಗಿಂತ ಜಾಸ್ತಿಯೇ ಇತ್ತು. ಡಾಕ್ಟರ್ ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನನ್ನ ಹೆಂಡತಿಯ ತಮ್ಮ ರಬಕವಿಯಲ್ಲಿ ಪವರ್‌ಲೂಮ್ ನಡೆಸುತ್ತಾನೆ. "ಮಾಮಾ, ನನಗೂ ಅಲ್ಲೇ ತೋರಸ್ರಿ" ಅಂತ ಬಂದ. ಅವನ ನೋವು ಕಾಲಿನುದ್ದಕ್ಕೂ ಇಳಿಯುತ್ತಿತ್ತು, ನಡೆಯುವಾಗ ಪಾದ ಎತ್ತಲಾಗದೆ ಹೆಬ್ಬೆರಳು ನೆಲಕ್ಕೆ ಉಜ್ಜುತ್ತಿತ್ತು. ಕೌಂಟರಿನಲ್ಲಿ ಫೈಲು ಬಿಚ್ಚಿಯೂ ನೋಡದೆ ಅದೇ ಪ್ಯಾಕೇಜ್ ರೇಟು ಹೇಳಿ ಅಡ್ವಾನ್ಸ್ ಕೇಳಿದರು. ಒಳಗೆ ಹೋದರೆ ಡಾಕ್ಟರ್ ಪಾದ ಎತ್ತಿಸಿ ನೋಡಿ, "ಇದು ನನ್ನ ಕೆಲಸ ಅಲ್ರಿ, ಇವತ್ತೇ ನ್ಯೂರೋಸರ್ಜನ್ ಕಡೆ ಹೋಗ್ರಿ" ಅಂತ ಚೀಟಿ ಬರೆದುಕೊಟ್ಟರು. ಒಂದೇ ಬಾಗಿಲಿನ ಆಚೆ ಈಚೆ ಇಷ್ಟು ವ್ಯತ್ಯಾಸ. ಡಾಕ್ಟರನ್ನು ನೋಡುವ ಮೊದಲು ಕೌಂಟರಿನಲ್ಲಿ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಗುಣ ಎಷ್ಟು ಆಯಿತು ಅಂತ ಕೇಳುತ್ತೀರಿ. ನನಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕಡಿಮೆಯಾಗಿದೆ. ಬಸ್ಸಿನಲ್ಲಿ ಗೋಕಾಕಿಗೆ ಕೂತು ಹೋಗಿ ಬರುತ್ತೇನೆ. ಟ್ರೇ ಎತ್ತುವುದನ್ನು ಬಿಟ್ಟಿದ್ದೇನೆ, ಈಗ ಕಂಟ್ರೋಲ್ ಪ್ಯಾನೆಲ್ ಮುಂದೆ ಕೆಲಸ. ಕೆಲಸ ಬದಲಾದದ್ದರಿಂದ ಎಷ್ಟು, ತಂತಿಯಿಂದ ಎಷ್ಟು ಅಂತ ನಾನು ಬೇರೆ ಮಾಡಿ ಹೇಳಲಾರೆ. 2004ರಲ್ಲಿ ಅಮೆರಿಕದಲ್ಲಿ 64 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಚಿಕಿತ್ಸೆ, ಇನ್ನೊಂದಕ್ಕೆ ಬಿಸಿ ಕೊಡದ ಸುಳ್ಳು ಚಿಕಿತ್ಸೆ ಮಾಡಿ ನೋಡಿದಾಗ, ನಿಜವಾದದ್ದು ಸಿಕ್ಕವರಲ್ಲಿ ಸುಮಾರು 40 ಶೇಕಡಾ ಜನರಿಗೆ ನೋವು ಅರ್ಧಕ್ಕಿಂತ ಜಾಸ್ತಿ ಇಳಿದಿತ್ತು, ಸುಮಾರು ಅರ್ಧ ಜನರಿಗೆ ಹೇಳಿಕೊಳ್ಳುವಂಥ ಪ್ರಯೋಜನ ಆಗಿರಲಿಲ್ಲ. 2005ರಲ್ಲಿ ಆಸ್ಟ್ರೇಲಿಯಾದಲ್ಲಿ 57 ಜನರ ಮೇಲೆ ಹೀಗೇ ಮಾಡಿದಾಗ ಎರಡೂ ಗುಂಪಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. 2008ರಲ್ಲಿ ಅಮೆರಿಕದ ಮೆಡಿಕೇರ್, ಅಂದರೆ ಮುಖ್ಯವಾಗಿ ಹಿರಿಯರಿಗಿರುವ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ, ಇದಕ್ಕೆ ದುಡ್ಡು ಕೊಡುವುದನ್ನೇ ನಿಲ್ಲಿಸಿತು. ಇಷ್ಟೆಲ್ಲ ಇರುವಾಗ ಕೌಂಟರಿನ ಹಿಂದಿನ ಗೋಡೆಗೆ "ಗ್ಯಾರಂಟಿ ಪರಿಹಾರ" ಅಂತ ಬೋರ್ಡ್ ಹಾಕುವುದಕ್ಕೆ ಏನನ್ನಬೇಕು?

ಖರ್ಚು ಎಲ್ಲ ಸೇರಿ ಲಕ್ಷ ದಾಟಿತು, ಅದರಲ್ಲಿ ದೊಡ್ಡ ಪಾಲು ಆ ತಂತಿಯದೇ. ಪಾಲಿಸಿ ಇದ್ದವರು ಚಿಕಿತ್ಸೆಗೆ ಮೊದಲೇ ಇನ್ಶೂರೆನ್ಸ್ ಕಂಪನಿಗೆ ಮೇಲ್ ಹಾಕಿ, ಹೌದು ಅಥವಾ ಇಲ್ಲ ಅಂತ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಕೌಂಟರಿನಲ್ಲಿ "ಆಗ್ತೈತ್ರಿ ಕಾಕಾ" ಅಂದಿದ್ದರು. ನನ್ನ ಕ್ಲೇಮ್ ಇನ್ನೂ ಓಡಾಡುತ್ತಲೇ ಇದೆ.