ಮಿರಿಸ್ಸಾದ ಹಾಯಿದೋಣಿ ಪ್ರವಾಸ: ಎಂಜಿನ್ ನಿಂತ ಮೇಲೆ ಕೇಳಿಸಿದ ಉಸಿರು

ಬಸವನಗುಡಿಯ ಪ್ರವಾಸ ಸಂಸ್ಥೆಯೊಂದರ ಮೂಲಕ ಕಳೆದ ಫೆಬ್ರುವರಿಯಲ್ಲಿ ನಾನೂ ನನ್ನ ತಾಯಿಯವರೂ ಶ್ರೀಲಂಕಾದ ದಕ್ಷಿಣ ತೀರದ ಮಿರಿಸ್ಸಾಕ್ಕೆ ಹೋಗಿ, ಹಾಯಿದೋಣಿಯಲ್ಲಿ ಕುಳಿತು ನೀಲಿ ತಿಮಿಂಗಿಲಗಳನ್ನು ನೋಡಿ ಬಂದೆವು. ನೈರುತ್ಯ ಮುಂಗಾರಿನ ಅಬ್ಬರವಿಲ್ಲದ ನವೆಂಬರ್‌ನಿಂದ ಏಪ್ರಿಲ್‌ವರೆಗಿನ ತಿಂಗಳುಗಳೇ ಅಲ್ಲಿಗೆ ತಕ್ಕ ಕಾಲ.

ಅದೇ ಬಂದರಿನಿಂದ ಹೊರಡುವ ಎಂಜಿನ್ ದೋಣಿಗಳ ದರ ಬಹಳ ಕಡಿಮೆಯಿರುವಾಗ ಹಾಯಿದೋಣಿಗೆ ಅಷ್ಟು ಹಣ ಕೊಡಬೇಕೇ ಎಂದು ಸ್ನೇಹಿತರು ಕೇಳುತ್ತಾರೆ. ಕೊಡಬೇಕು ಎಂಬುದೇ ನನ್ನ ಉತ್ತರ. ದೊಂದ್ರ ಭೂಶಿರದ ದೀಪಸ್ತಂಭವನ್ನು ಎಡಕ್ಕೆ ಬಿಟ್ಟು ಮುಂದೆ ಸಾಗಿದಾಗ, ಆಳಗಡಲು ತೀರಕ್ಕೆ ತೀರ ಹತ್ತಿರವಿರುವ ಆ ಭಾಗದಲ್ಲಿ ಮೊದಲ ತಿಮಿಂಗಿಲ ಕಾಣಿಸಿತು. ಕಪ್ತಾನರು ಸುಮಾರು ನೂರು ಮೀಟರ್ ದೂರದಲ್ಲೇ ಎಂಜಿನ್ ನಿಲ್ಲಿಸಿ, ಆಗಷ್ಟೇ ಎದ್ದಿದ್ದ ಗಾಳಿಗೆ ಹಾಯಿ ಬಿಚ್ಚಿದರು. ನಾಲ್ಕೈದು ಆಳೆತ್ತರಕ್ಕೆ ನೀರಾವಿ ಚಿಮ್ಮಿತು. ಅದರ ಹಿಂದೆಯೇ, ಕುಲುಮೆಯ ದೊಡ್ಡ ತಿದಿಯನ್ನು ಒಮ್ಮೆಲೇ ಒತ್ತಿದಂತಹ ಸದ್ದು ನೀರಿನ ಮೇಲಿನಿಂದ ನಮ್ಮವರೆಗೂ ಬಂತು. "ಅದರ ಉಸಿರು ಕೇಳಿಸ್ತಲ್ಲೋ ಮಗಾ" ಎಂದು ತಾಯಿಯವರು ನನ್ನ ಕೈ ಹಿಡಿದುಕೊಂಡರು. ಬೆನ್ನು ಮುಗಿಯುವುದೇ ಇಲ್ಲವೇನೋ ಎಂಬಷ್ಟು ಹೊತ್ತು ಹರಿದುಹೋಗಿ, ಕೊನೆಗೆ ಬಾಲವೆತ್ತಿ ಅದು ಮುಳುಗಿತು. ಮತ್ತೆ ಏಳಲು ಹತ್ತು ನಿಮಿಷವಾದರೂ ಬೇಕೆಂದು ತಿಳಿದಿದ್ದ ಕಪ್ತಾನರು ನಮ್ಮನ್ನು ಸುಮ್ಮನೆ ಕಾಯಿಸಿದರು. ದೂರದಲ್ಲಿ ಮತ್ತೊಂದು ತಿಮಿಂಗಿಲದ ಬೆನ್ನುಹತ್ತಿದ್ದ ನಾಲ್ಕು ಎಂಜಿನ್ ದೋಣಿಗಳತ್ತ ಅವರು ಹೋಗಲಿಲ್ಲ. ಅದಕ್ಕಾಗಿ ನಾನು ಅವರಿಗೆ ಋಣಿ.

ಆ ನೀರಿನಲ್ಲೇ ಸರಕು ಹಡಗುಗಳ ದಟ್ಟ ಮಾರ್ಗವೂ ಇದೆ. ಹಡಗು ಬಡಿದು ತಿಮಿಂಗಿಲಗಳು ಸಾಯುವುದರಿಂದ 2022ರಲ್ಲಿ ಎಂಎಸ್‌ಸಿ ಎಂಬ ಸರಕು ಸಾಗಣೆ ಕಂಪನಿ ತನ್ನ ಹಡಗುಗಳನ್ನು ಇನ್ನಷ್ಟು ದಕ್ಷಿಣಕ್ಕೆ ಸರಿಸಿತೆಂಬುದನ್ನು ದೋಣಿಯವರು ದಿಗಂತದತ್ತ ಕೈತೋರಿಸಿ ವಿವರಿಸಿದರು.

ಊಟ ಸಾಧಾರಣ. ನನ್ನ ಆಕ್ಷೇಪವಿರುವುದು ಬಸವನಗುಡಿಯ ಸಂಸ್ಥೆಯ ಮೇಲೆ. ಪ್ರಯಾಣವೆಲ್ಲ ಹಾಯಿಯಲ್ಲೇ ನಡೆಯುವುದೆಂದು ಅವರ ಕರಪತ್ರ ಹೇಳುತ್ತದೆ. ಆದರೆ ಬೆಳಗಿನ ಹೊತ್ತು ಗಾಳಿಯೇ ಇರದಿದ್ದುದರಿಂದ ಹೋಗುವಾಗ ಎರಡು ಗಂಟೆ ಎಂಜಿನ್ನಿನಲ್ಲೇ ಸಾಗಬೇಕಾಯಿತು. ಹೊರಡುವ ಮೊದಲೇ ವಾಂತಿ ತಡೆಯುವ ಮಾತ್ರೆ ತೆಗೆದುಕೊಳ್ಳಬೇಕೆಂದು ಯಾರೂ ತಿಳಿಸದೆ, ತಾಯಿಯವರು ಮೊದಲ ಒಂದು ಗಂಟೆ ಬಹಳ ನರಳಿದರು. ವಯಸ್ಸಾದವರನ್ನು ಕರೆದೊಯ್ಯುವವರು ದೋಣಿಯ ಮುಂಭಾಗದಲ್ಲಿ ಕೂರಲೆಂದು ಬಿಗಿದಿರುವ ಬಲೆಯ ಮೇಲೆ ಕೂರಿಸದೆ, ಓಲಾಟ ಕಡಿಮೆಯಿರುವ ನಡುಭಾಗದಲ್ಲಿ ಜಾಗ ಕೇಳಿ ಪಡೆಯಬೇಕು. ಇದನ್ನೆಲ್ಲ ಸಂಸ್ಥೆಯವರಿಗೆ ಹೇಳಿದಾಗ ಕರಪತ್ರವನ್ನು ತಿದ್ದುವುದಾಗಿ ಒಪ್ಪಿದ್ದರು. ಹೋದ ವಾರ ಅಲ್ಲಿಗೆ ಹೋದಾಗಲೂ ಮೇಜಿನ ಮೇಲೆ ಹಳೆಯದೇ ಇತ್ತು. ಈ ಬಾರಿ ತಿದ್ದಬೇಕಾದ ಸಾಲುಗಳನ್ನು ನಾನೇ ಬರೆದು ಕೊಟ್ಟು ಬಂದಿದ್ದೇನೆ.