ಹಲಸಿನ ಬೇರಿನ ಮುಂದೆ ಮೂರು ಚಕ್ರಗಳು

ಕೊಡಗಿನ ಕಕ್ಕಬೆ ರಸ್ತೆಯಿಂದ ನಮ್ಮ ಮನೆಗೆ ಹತ್ತುವ ತೋಟದ ದಾರಿಯ ಕೊನೆಯ ತಿರುವಿನಲ್ಲಿ ಒಂದು ಹಲಸಿನ ಬೇರು ಅಡ್ಡ ಹಾದುಹೋಗಿದೆ. ನೆಲದಿಂದ ಗೇಣಿಗೆ ಸ್ವಲ್ಪ ಕಡಿಮೆ ಎತ್ತರ. ಜೀಪು ಹತ್ತಿ ಹತ್ತಿ ನುಣುಪಾಗಿದೆ, ಮಳೆಗಾಲದಲ್ಲಿ ಸೋಪು ಸವರಿದಂತೆ ಜಾರುತ್ತದೆ. ಇಳಿಯುವಾಗ ಅದು ಲೆಕ್ಕಕ್ಕಿಲ್ಲ. ಹತ್ತುವಾಗ, ಅದೂ ಕಾಲು ಸೋತು ಮನೆಯ ಹೆಂಚು ಕಣ್ಣಿಗೆ ಬೀಳುವ ಹೊತ್ತಿನಲ್ಲಿ, ಸೈಕಲ್ಲಿನ ಮುಂದಿನ ಚಕ್ರ ಅದನ್ನು ಏರುತ್ತದೋ ಇಲ್ಲವೋ ಎಂಬುದರ ಮೇಲೆ ನನ್ನ ಮರ್ಯಾದೆ ನಿಂತಿರುತ್ತದೆ. ಪಕ್ಕದಲ್ಲೇ ತೋಟದ ಕೆಲಸಗಾರರ ಲೈನ್ ಮನೆಗಳಿವೆ. ಮಕ್ಕಳು ಸಂಜೆ ಇದನ್ನು ನೋಡಲೆಂದೇ ಕಟ್ಟೆಯ ಮೇಲೆ ಕೂತಿರುತ್ತಾರೆ.

ಎರಡು ವರ್ಷಗಳಲ್ಲಿ ಈ ಬೇರನ್ನು ಬೆಟ್ಟದ ಸೈಕಲ್ಲಿನ ಮೂರು ಅಳತೆಯ ಚಕ್ರಗಳಲ್ಲಿ ಹತ್ತಿಸಿ ನೋಡಿದ್ದೇನೆ. 26 ಇಂಚಿನದು ಕಾಲೇಜು ಕಾಲದ ನನ್ನ ಹಳೆಯ ಸೈಕಲ್. 27.5 ಈಗ ನಾನು ಓಡಿಸುತ್ತಿರುವುದು. 29 ವಿರಾಜಪೇಟೆಯ ಗೆಳತಿಯದು. ಹುತ್ತರಿ ಹಬ್ಬ ಕಳೆದು ಕಾಫಿ ಕೊಯ್ಲಿನ ಎರಡು ತಿಂಗಳು, ಮತ್ತೆ ಜಡಿಮಳೆಯ ಕಕ್ಕಡ ಮಾಸದಲ್ಲಿ ಮೂರು ವಾರ ಅದು ನಮ್ಮ ಜಗಲಿಯಲ್ಲಿತ್ತು. ನನ್ನ ಎತ್ತರ 157 ಸೆಂಟಿಮೀಟರ್, ತೂಕ 54 ಕಿಲೋ. ಇದನ್ನು ಮೊದಲೇ ಹೇಳಿಬಿಡಬೇಕು. ಆರಡಿ ಎತ್ತರದ ನನ್ನ ತಮ್ಮ ಇದೇ ಬರಹ ಬರೆದಿದ್ದರೆ ತೀರ್ಮಾನ ಬೇರೆಯೇ ಆಗುತ್ತಿತ್ತು.

ಅಳತೆಯ ಗೊಂದಲವನ್ನು ಬಿಡಿಸಿಕೊಳ್ಳೋಣ. 26, 27.5, 29 ಎನ್ನುವುದು ಟೈರು ಸೇರಿದ ಚಕ್ರದ ಅಂದಾಜು ವ್ಯಾಸ. ಖಚಿತವಾದದ್ದು ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ: ಕ್ರಮವಾಗಿ 559, 584, 622 ಮಿಲಿಮೀಟರ್. ಹೆಸರು ಕೇಳಿದರೆ 27.5 ಎರಡರ ಸರಿನಡುವೆ ಇರಬೇಕು ಅನ್ನಿಸುತ್ತದೆ. ಕಳೆದು ನೋಡಿ: 26ಕ್ಕಿಂತ 25 ಮಿಲಿಮೀಟರ್ ದೊಡ್ಡದು, 29ಕ್ಕಿಂತ 38 ಮಿಲಿಮೀಟರ್ ಚಿಕ್ಕದು. ನಡುವಿನದು ಎನ್ನುವುದಕ್ಕಿಂತ 26ರ ಒಂದು ಮೆಟ್ಟಿಲು ಮೇಲಿನದು ಎನ್ನುವುದೇ ಸರಿ. ಇನ್ನೊಂದು ತಮಾಷೆ: ಅಟ್ಟದಲ್ಲಿರುವ ನಮ್ಮ ಅಜ್ಜನ ಕಪ್ಪು ಸೈಕಲ್ಲಿನ ಚಕ್ರವನ್ನು ಅಂಗಡಿಯವರು 28 ಎಂದು ಕರೆಯುತ್ತಾರೆ. ಅದರ ರಿಮ್ 635 ಮಿಲಿಮೀಟರ್, ಅಂದರೆ 29ಕ್ಕಿಂತಲೂ ದೊಡ್ಡದು. ದೊಡ್ಡ ಚಕ್ರ ಹೊಸ ಸಂಶೋಧನೆ ಎಂದು ಯಾರಾದರೂ ಹೇಳಿದರೆ ಅವರನ್ನು ಆ ಅಟ್ಟಕ್ಕೆ ಹತ್ತಿಸುತ್ತೇನೆ.

26 ಬೆಟ್ಟದ ಸೈಕಲ್ಲಿನ ಅಳತೆಯಾದದ್ದು ಯಾವ ಶಾಸ್ತ್ರದಿಂದಲೂ ಅಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಂದಷ್ಟು ಹುಡುಗರು ಗುಡ್ಡ ಇಳಿಯಲು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಆರಿಸಿಕೊಂಡರು, ಅವುಗಳ ಚಕ್ರ 26 ಇತ್ತು, ಅಷ್ಟೇ. ಮೂವತ್ತು ವರ್ಷ ಅದೇ ನಡೆಯಿತು. 2012ರಲ್ಲಿ ಸ್ವಿಟ್ಜರ್ಲೆಂಡಿನ ಸವಾರ ನೀನೋ ಶುರ್ಟರ್ 27.5ರಲ್ಲಿ ಬೆಟ್ಟದ ಸೈಕಲ್ಲಿನ ವಿಶ್ವಕಪ್ ಸುತ್ತು ಗೆದ್ದರು. ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ 29ರಲ್ಲಿ ಚಿನ್ನ ಗೆದ್ದರು, ಬೆಳ್ಳಿ ಶುರ್ಟರ್‌ಗೆ. ಆಮೇಲೆ ಶುರ್ಟರ್ ಕೂಡ 29ಕ್ಕೇ ಬಂದರು. ಪಂದ್ಯದ ಲೋಕದಲ್ಲಿ ವಾದ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಕಾಫಿ ಗಿಡಗಳ ನಡುವೆ ಅದು ಮುಗಿದಿಲ್ಲ.

ನನ್ನ ಹಳೆಯ 26ಕ್ಕೆ ಅನ್ಯಾಯ ಮಾಡುವುದು ಸುಲಭ. ಅದರ ಬ್ರೇಕು ರಿಮ್ಮನ್ನು ಹಿಡಿಯುವ ಹಳೆಯ ಜಾತಿಯದು. ಕೆಂಪು ಕೆಸರು ಹತ್ತಿದ ಮೇಲೆ ಹಿಡಿಯುವುದಕ್ಕಿಂತ ಹೆಚ್ಚಾಗಿ ಉಜ್ಜುತ್ತದೆ. ಅದು ಚಕ್ರದ ತಪ್ಪಲ್ಲ. ಟೈರಿಗೆ ಗಾಳಿಯನ್ನೂ ನಾನು ವರ್ಷಗಟ್ಟಲೆ ಕಲ್ಲಿನಂತೆ 40 ಪಿಎಸ್‌ಐ ತುಂಬುತ್ತಿದ್ದೆ. ಅದನ್ನು 28ಕ್ಕೆ ಇಳಿಸಿದ ದಿನ ಬೇರಿನ ಮೇಲೆ ಟೈರು ಮೆತ್ತಗೆ ಅಪ್ಪಿ ಹಿಡಿಯಿತು, ಜಾರಲಿಲ್ಲ. ಕಾಸು ಖರ್ಚಿಲ್ಲದೆ ಸಿಕ್ಕ ಆ ಬದಲಾವಣೆ, ಆಮೇಲೆ 26ರಿಂದ 27.5ಕ್ಕೆ ಹೋದಾಗ ಸಿಕ್ಕಿದ್ದಕ್ಕಿಂತ ದೊಡ್ಡದಾಗಿತ್ತು. ಹೊಸ ಸೈಕಲ್ ಕೊಳ್ಳುವ ಮುನ್ನ ಪಂಪಿನ ಮುಳ್ಳನ್ನು ನೋಡಿ ಎಂದು ಅದಕ್ಕೇ ಹೇಳುತ್ತೇನೆ. 26ರ ನಿಜವಾದ ಗುಣ ಒಂದಿದೆ: ಇಕ್ಕಟ್ಟಿನಲ್ಲಿ ನಿಂತಲ್ಲೇ ತಿರುಗುತ್ತದೆ. ಸಿದ್ದಾಪುರದ ಕಡೆ ಒಂದು ಬೆಳಗ್ಗೆ ದಾರಿಯಲ್ಲಿ ಹಬೆಯಾಡುತ್ತಿದ್ದ ಆನೆಯ ಲದ್ದಿ ಕಂಡಾಗ ಆ ಗುಣವನ್ನು ಬಹಳ ಮೆಚ್ಚಿಕೊಂಡೆ.

29 ಬಂದದ್ದು ಕೊಯ್ಲಿನ ಸಮಯಕ್ಕೆ. ಮೊದಲ ಸಂಜೆಯೇ ಬೇರು ಸೋತಿತು. ಬೇರಿಗೆ ಗುದ್ದಿದಂತೆಯೇ ಅನ್ನಿಸಲಿಲ್ಲ. ಚಕ್ರ ಅದರ ಮೇಲೆ ಕಾಲಿಟ್ಟು ದಾಟಿದಂತೆ ಹೋಯಿತು. ಒಂದೇ ದಪ್ಪದ ಟೈರು ಹಾಕಿದರೆ 29ರ ಅಚ್ಚು 26ರದ್ದಕ್ಕಿಂತ ನೆಲದಿಂದ ಸುಮಾರು 3 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಅದೇ ಬೇರಿಗೆ ಚಕ್ರ ತಾಗುವ ಕೋನ ಸ್ವಲ್ಪ ಓರೆಯಾಗುತ್ತದೆ, ತಡೆಯುವ ಬದಲು ಏರಲು ಬಿಡುತ್ತದೆ. ಕಾಗದದ ಮೇಲೆ ಇದು ಮೂರು ಡಿಗ್ರಿಯಷ್ಟು ಅತ್ಯಲ್ಪ ವ್ಯತ್ಯಾಸ. ಕಾಲಿಗೆ ಅದು ಗೊತ್ತಾಗುತ್ತದೆ.

ಇನ್ನೂ ಚೆನ್ನಾಗಿ ಗೊತ್ತಾದದ್ದು ಮಾಂದಲಪಟ್ಟಿಯ ದಾರಿಯಲ್ಲಿ. ಪ್ರವಾಸಿಗರ ಜೀಪುಗಳು ಶುರುವಾಗುವ ಮೊದಲೇ ಹೋಗಿದ್ದೆವು. ಅಲ್ಲಿ ದಾರಿ ಎನ್ನುವುದು ಜೀಪಿನ ಚಕ್ರ ಕಿತ್ತುಹಾಕಿದ ಮುಷ್ಟಿಗಾತ್ರದ ಕಲ್ಲುಗಳ ರಾಶಿ. 27.5ರಲ್ಲಿ ಪ್ರತಿ ಕಲ್ಲೂ ಮಣಿಕಟ್ಟಿಗೆ ಒಂದು ಮಾತು ಹೇಳುತ್ತದೆ. 29ರಲ್ಲಿ ಎರಡಕ್ಕೊಂದು ಕಲ್ಲು ಸುಮ್ಮನಿತ್ತು. ಉರುಳುವ ವೇಗ ಒಮ್ಮೆ ಹಿಡಿದ ಮೇಲೆ ಬಿಟ್ಟುಕೊಡುವುದಿಲ್ಲ ಈ ಚಕ್ರ.

ಆದರೆ ಆ ವೇಗವನ್ನು ಹಿಡಿಸಬೇಕಲ್ಲ. ಪೆಡಲಿನ ಒಂದು ಸುತ್ತಿಗೆ 29ರ ಸೈಕಲ್ 26ರದ್ದಕ್ಕಿಂತ ಶೇಕಡಾ 9ರಷ್ಟು ಹೆಚ್ಚು ದೂರ ಹೋಗುತ್ತದೆ, ಗೇರು ಒಂದೇ ಆಗಿದ್ದರೆ. ಸಮತಟ್ಟಿನಲ್ಲಿ ಅದು ಲಾಭ, ನಾಲ್ಕುನಾಡು ಅರಮನೆಯ ಏರಿನಲ್ಲಿ ಅದು ಸಾಲ. ಗೆಳತಿ ಪೆಡಲಿನ ಬಳಿಯ 32 ಹಲ್ಲಿನ ಚಕ್ರವನ್ನು ತೆಗೆದು 30 ಹಲ್ಲಿನದು ಹಾಕಿಸಿಕೊಂಡ ಕಾರಣ ನನಗೆ ಎರಡನೇ ದಿನವೇ ಅರ್ಥವಾಯಿತು. ಹಾಕಿಸಿದ ಮೇಲೂ, ನಿಂತಲ್ಲಿಂದ ಏರು ಹತ್ತಲು ಹೊರಟಾಗ ಮೊದಲ ಎರಡು ತುಳಿತ ಭಾರವೇ.

ಅದಕ್ಕಿಂತ ದೊಡ್ಡ ತಕರಾರು ಇಳಿಜಾರಿನದು. ನಮ್ಮ ತೋಟದ ಕೆಳಗೆ ತೊರೆಗೆ ಇಳಿಯುವ ಕಾಲುದಾರಿ ಕಡಿದಾಗಿದೆ. ಎರಡೂ ಕಡೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್. ಅಲ್ಲಿ ಸೀಟಿನ ಹಿಂದಕ್ಕೆ ಸರಿದು, ತೋಳು ಚಾಚಿ, ಹಿಂದಿನ ಚಕ್ರದ ಮೇಲೆ ತೇಲಿದಂತೆ ಇಳಿಯಬೇಕು. ಕಾಲು ಉದ್ದ ಇರುವವರಿಗೆ ಮೈಗೂ ಟೈರಿಗೂ ನಡುವೆ ಜಾಗ ಉಳಿಯುತ್ತದೆ. ನನಗೆ ಉಳಿಯಲಿಲ್ಲ. ಮೂರನೇ ದಿನ ಟೈರಿನ ಉಬ್ಬುಗಳು ಪ್ಯಾಂಟಿನ ಹಿಂಭಾಗವನ್ನು ಕಚ್ಚಿಕೊಂಡು ನನ್ನನ್ನು ಹಿಂದಕ್ಕೆಳೆದವು. ಬಿದ್ದದ್ದು ಉದುರಿದ ಎಲೆಗಳ ಮೇಲೆ, ಹಾಗಾಗಿ ಪೆಟ್ಟಾದದ್ದು ಪ್ಯಾಂಟಿಗೆ ಮಾತ್ರ. ಕೆಲವು ಕಂಪನಿಗಳು ಒಂದೇ ಮಾದರಿಯ ಚಿಕ್ಕ ಚೌಕಟ್ಟಿಗೆ 27.5, ದೊಡ್ಡದಕ್ಕೆ 29 ಹಾಕಿ ಮಾರುವುದು ಸುಮ್ಮನೆ ಅಲ್ಲ.

27.5ರ ಬಗ್ಗೆ ಹೇಳಲು ಕಡಿಮೆ ಇದೆ, ಅದೇ ಅದರ ಗುಣ. ಬೇರನ್ನು ಹತ್ತು ಸಲದಲ್ಲಿ ಏಳು ಸಲ ಏರುತ್ತದೆ. ಉಳಿದ ಮೂರು ಸಲ ತಪ್ಪು ನನ್ನದು. ಕಾಫಿ ಸಾಲುಗಳ ನಡುವೆ ಹ್ಯಾಂಡಲ್ ತಿರುಗಿಸಿದ ಕಡೆಗೆ ತಕ್ಷಣ ತಿರುಗುತ್ತದೆ. 29 ಅಲ್ಲಿ ಒಂದು ಕ್ಷಣ ಯೋಚಿಸುತ್ತದೆ, ಆ ಕ್ಷಣದಲ್ಲಿ ಭುಜಕ್ಕೆ ರೊಬಸ್ಟಾ ರೆಂಬೆ ಬಡಿದಿರುತ್ತದೆ. ಕಕ್ಕಡದ ಕೆಸರಿನಲ್ಲಿ ಮಾತ್ರ ಎರಡಕ್ಕೂ ಭೇದ ಕಾಣಲಿಲ್ಲ. ಕೆಂಪು ಮಣ್ಣೂ ಕೊಳೆತ ಎಲೆಯೂ ಸೇರಿ ಟೈರಿಗೂ ಚೌಕಟ್ಟಿಗೂ ನಡುವೆ ಹಿಟ್ಟು ನಾದಿದಂತೆ ತುಂಬಿಕೊಂಡಾಗ ಯಾವ ಅಳತೆಯೂ ಉರುಳುವುದಿಲ್ಲ, ಇಳಿದು ಕಡ್ಡಿಯಿಂದ ಕೆರೆಯಬೇಕು.

ಕೊಡಗಿನಲ್ಲಿ ಸೈಕಲ್ ಕೊಳ್ಳುವವರು ಇಂಚಿಗಿಂತ ಮೊದಲು ನೋಡಬೇಕಾದದ್ದನ್ನು ನಾನು ಆ ಮಳೆಯಲ್ಲೇ ಕಲಿತದ್ದು. ಗೆಳತಿಯ 29 ಪಂಕ್ಚರ್ ಆಯಿತು. ಹತ್ತಿರದ ಪೇಟೆಯ ಅಂಗಡಿಯಿಂದ ನನ್ನ ತಮ್ಮ ಟ್ಯೂಬು ತಂದ. "ಅಳತೆ ಸರಿ ಇದೆಯಂತೆ, ಅಕ್ಕ, ಕೇಳಿಯೇ ತಂದೆ" ಎಂದ. ಅಳತೆ ಸರಿಯೇ ಇತ್ತು. ವಾಲ್ವು ಮಾತ್ರ ಬೈಕು, ಕಾರುಗಳಲ್ಲಿರುವ ದಪ್ಪನೆಯ ಶ್ರೇಡರ್. ಗೆಳತಿಯ ರಿಮ್ಮಿನ ತೂತು ತೆಳ್ಳಗಿನ ಪ್ರೆಸ್ಟಾ ವಾಲ್ವಿಗೆ ಕೊರೆದದ್ದು, ಸುಮಾರು 6 ಮಿಲಿಮೀಟರ್. ಶ್ರೇಡರ್‌ಗೆ 8 ಬೇಕು. ದಾರಿಬದಿಯಲ್ಲಿ ಕೂತು ಆ ವಾಲ್ವನ್ನು ತೂತಿಗೆ ಒತ್ತುತ್ತಾ ಇದ್ದ ಅರ್ಧ ಗಂಟೆಯಲ್ಲಿ ನನ್ನ ಎರಡು ಕಾಲಿಗೆ ಹತ್ತಿದ ಜಿಗಣೆಗಳನ್ನು ತಮ್ಮ ಎಣಿಸಿದ, ಸಹಾಯವಂತೂ ಮಾಡಲಿಲ್ಲ. ಕೊನೆಗೆ ಸೈಕಲ್ಲನ್ನು ನೂಕಿಕೊಂಡು ಬಂದೆವು. 26ರ ಟ್ಯೂಬಿಗೆ ಈ ಕಷ್ಟವಿಲ್ಲ, ನಾನು ಕೇಳಿದ ಎಲ್ಲ ಪೇಟೆಗಳಲ್ಲೂ ಸಿಕ್ಕಿದೆ. 27.5 ಅಥವಾ 29 ಕೊಳ್ಳುವುದಾದರೆ ವಾಲ್ವು ಯಾವುದು ಎಂದು ನೋಡಿ, ಎರಡು ಟ್ಯೂಬು ಹೆಚ್ಚಿಗೆ ತಂದಿಟ್ಟುಕೊಳ್ಳಿ. ತೀರಾ ಗತಿಯಿಲ್ಲದಾಗ ಒಂದು ಅಳತೆ ಚಿಕ್ಕದಾದ ಟ್ಯೂಬನ್ನು ಎಳೆದು ಕೂರಿಸಿ ಮನೆ ಸೇರಬಹುದು.

ನಾನು 27.5ನ್ನೇ ಇಟ್ಟುಕೊಂಡೆ. ತೋಟದ ಒಳದಾರಿ, ಕುಳ್ಳಗಿನ ಮೈ, ದಿನಕ್ಕೆ ಹತ್ತು ಕಿಲೋಮೀಟರ್ ಒಳಗಿನ ಸವಾರಿ, ಈ ಮೂರೂ ಸೇರಿದರೆ ಅದೇ ಸರಿ. ತಮ್ಮ 29 ತರಿಸಿಕೊಳ್ಳುತ್ತಿದ್ದಾನೆ. ಅವನ ಓಡಾಟವೆಲ್ಲ ಜೀಪಿನ ರಸ್ತೆಯಲ್ಲಿ, ಮಡಿಕೇರಿಯವರೆಗೆ ಡಾಂಬರಿನಲ್ಲಿ. ಅವನಿಗೆ ಬೇರೆ ಯಾವುದನ್ನೂ ನಾನು ಹೇಳುವುದಿಲ್ಲ. 26 ನಮ್ಮ ತೋಟದ ಲೆಕ್ಕ ನೋಡುವ ರೈಟರ ಮಗನ ಪಾಲಾಯಿತು. ಈಗ ಯೋಚನೆಯೆಲ್ಲ ಮುಂದೆ 29, ಹಿಂದೆ 27.5 ಹಾಕುವ ಜೋಡಿಯ ಮೇಲೆ. 2019ರಿಂದ ಪಂದ್ಯಗಳಲ್ಲೂ ಅದಕ್ಕೆ ಅನುಮತಿ ಇದೆ. ಬೇರನ್ನು ಏರಲು ದೊಡ್ಡದು, ಪ್ಯಾಂಟು ಉಳಿಸಲು ಚಿಕ್ಕದು. ನನ್ನ ಸೈಕಲ್ಲಿನ ಮುಂದಿನ ಫೋರ್ಕಿನಲ್ಲಿ 29 ಹಿಡಿಸುವುದಿಲ್ಲ, ಅಳೆದು ನೋಡಿದೆ, ಬೆರಳಿನಷ್ಟು ಕಡಿಮೆ ಬೀಳುತ್ತದೆ. ಗೆಳತಿಯ ಸೈಕಲ್ಲಿಗೆ ನನ್ನ ಹಿಂದಿನ ಚಕ್ರ ಹಾಕಿ ನೋಡಬಹುದು. ಪೆಡಲು ನೆಲಕ್ಕೆ ಹತ್ತಿರವಾಗಿ ಬೇರಿಗೆ ತಾಗಬಹುದು ಎಂಬ ಅಳುಕಿದೆ. ಕೊಯ್ಲು ಮುಗಿಯಲಿ ಎಂದಿದ್ದಾಳೆ.