ಗವಾಕ್ಷಿಯಲ್ಲಿ ಬಂದ ಪಿಶಾಚಿ: ಎಚ್‌ಡಿಆರ್ ಪ್ರೀಸೆಟ್ ಕೊಳ್ಳುವವರು ಇದನ್ನೊಮ್ಮೆ ಓದಿ

ಹೋದ ಹಣ ಒಟ್ಟು 3,298 ರೂಪಾಯಿ. ಅದರ ಜೊತೆಗೆ ಎರಡು ವರ್ಷದ ಚಿತ್ರಗಳು, ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ ಮೂರು ಓಡಾಟ, ಬಸವನಗುಡಿಯ ಒಬ್ಬ ನಿವೃತ್ತ ಶಿಕ್ಷಕಿಯ ಮುಂದೆ ನನ್ನ ಮರ್ಯಾದೆ. ಮರ್ಯಾದೆಯೊಂದು ಮರಳಿ ಬಂತು. ಉಳಿದದ್ದು ಬರಲಿಲ್ಲ.

ವಾರದಲ್ಲಿ ಐದು ದಿನ ನಾನು ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಶನಿವಾರ, ಭಾನುವಾರ ಬಾಡಿಗೆಗೆ ಬಿಡುವ ಮನೆ, ಹೋಂಸ್ಟೇಗಳ ಚಿತ್ರ ತೆಗೆಯುತ್ತೇನೆ. ಶಿವರಾತ್ರಿ ಕಳೆದ ವಾರ ಬಸವನಗುಡಿಯ ಹಳೆಯ ಮನೆಯೊಂದರ ಕೆಲಸ ಬಂತು. ಮೇಡಂ ತಮ್ಮ ಮನೆಯ ಅರ್ಧ ಭಾಗವನ್ನು ಅತಿಥಿಗಳಿಗೆ ಬಿಡಬೇಕೆಂದಿದ್ದರು. ರೆಡ್ ಆಕ್ಸೈಡ್ ನೆಲ, ಮರದ ಕಂಬ, ನಡುಮನೆಯಲ್ಲಿ ತೂಗುಮಣೆ, ಅದರ ನೆತ್ತಿಯ ಮೇಲೆ ಗವಾಕ್ಷಿ. ಬೆಳಗ್ಗೆ ಹನ್ನೊಂದಕ್ಕೆ ಆ ಗವಾಕ್ಷಿಯಿಂದ ಬಿಸಿಲು ಕೋಲಿನಂತೆ ಇಳಿಯುತ್ತದೆ, ಮೂಲೆಗಳಲ್ಲಿ ಮಾತ್ರ ದೀಪ ಹಚ್ಚುವಷ್ಟು ಕತ್ತಲು. ನಮ್ಮ ಕಣ್ಣು ಎರಡನ್ನೂ ಒಟ್ಟಿಗೆ ನೋಡಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಅದು ಆಗುವುದಿಲ್ಲ. ಬಿಸಿಲಿಗೆ ಹೊಂದಿಸಿದರೆ ನಡುಮನೆ ಇದ್ದಿಲು, ನಡುಮನೆಗೆ ಹೊಂದಿಸಿದರೆ ಗವಾಕ್ಷಿ ಸುಣ್ಣದ ತೇಪೆ.

ಇದಕ್ಕೆ ಎಚ್‌ಡಿಆರ್ (ಹೈ ಡೈನಮಿಕ್ ರೇಂಜ್) ಎನ್ನುವ ದಾರಿ ಇದೆ. ಕ್ಯಾಮೆರಾದೊಳಗೆ ಬಿಡುವ ಬೆಳಕನ್ನು ಹೆಚ್ಚುಕಡಿಮೆ ಮಾಡುತ್ತ ಒಂದೇ ನೋಟದ ಹಲವು ಚಿತ್ರ ತೆಗೆದು ಬೆಸೆಯುವುದು. ಉಪಾಯವೇನೂ ಹೊಸದಲ್ಲ. 1850ರ ದಶಕದಲ್ಲೇ ಗುಸ್ತಾವ್ ಲ ಗ್ರೇ ಎಂಬ ಫ್ರೆಂಚ್ ಛಾಯಾಗ್ರಾಹಕ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮುದ್ರಿಸುತ್ತಿದ್ದ. ನಾನೂ ಟ್ರೈಪಾಡ್ ನಿಲ್ಲಿಸಿ ಒಂದೊಂದು ನೋಟಕ್ಕೂ ಐದು ಚಿತ್ರ ತೆಗೆದೆ, ಬೆಳಕು ಬಿಟ್ಟ ಅವಧಿ: 1/250, 1/60, 1/15, 1/4 ಮತ್ತು ಪೂರ್ತಿ ಒಂದು ಸೆಕೆಂಡ್. ಇಲ್ಲಿಯವರೆಗೆ ನಾನು ಜಾಣ.

ಅಂದು ರಾತ್ರಿ ಮೊಬೈಲಿನಲ್ಲಿ ಆ ಜಾಹೀರಾತು ಬಂತು. ಎಡಗಡೆ ಮಂಕು ಹಿಡಿದ ವಿಧಾನಸೌಧ, ಬಲಗಡೆ ನೇರಳೆ ಮೋಡದ ಕೆಳಗೆ ಬೆಳಗುವ ವಿಧಾನಸೌಧ. ‘1,500 ಎಚ್‌ಡಿಆರ್ ಪ್ರೀಸೆಟ್, ಒಂದೇ ಒತ್ತು, ಒಂದೇ ಚಿತ್ರ ಸಾಕು, 799 ರೂಪಾಯಿ.’ ಪ್ರೀಸೆಟ್ ಎಂದರೆ ಚಿತ್ರ ತಿದ್ದುವ ಸಾಫ್ಟ್‌ವೇರ್‌ಗೆ ಯಾರೋ ಮೊದಲೇ ಹೊಂದಿಸಿಟ್ಟ ಅಂಕಿಗಳ ಕಟ್ಟು. ಜಾಹೀರಾತಿನ ಕೆಳಗೆ ಕೆಂಪು ಅಂಕಿಗಳಲ್ಲಿ ಗಡಿಯಾರ: ಇನ್ನು 14 ನಿಮಿಷದಲ್ಲಿ ಬೆಲೆ ಏರುತ್ತದೆ. ಹದಿನಾಲ್ಕು ನಿಮಿಷದಲ್ಲಿ ಮನುಷ್ಯ ಎಷ್ಟು ಯೋಚಿಸಬಲ್ಲ? ನಾನು ಮೂರೇ ನಿಮಿಷದಲ್ಲಿ ಯುಪಿಐ ಪಿನ್ ಒತ್ತಿದೆ. ಮರುದಿನ ಅದೇ ಪುಟ ತೆರೆದಾಗ ಗಡಿಯಾರ ಮತ್ತೆ 14ರಿಂದಲೇ ಓಡುತ್ತಿತ್ತು. ಆಗಲಾದರೂ ಆ ಎರಡು ಚಿತ್ರಗಳನ್ನು ದೊಡ್ಡದು ಮಾಡಿ ನೋಡಬೇಕಿತ್ತು; ನೋಡಿದ್ದು ಎಲ್ಲ ಮುಗಿದ ಮೇಲೆ. ಎಡಗಡೆಯ ಚಿತ್ರದಲ್ಲಿ ಕಟ್ಟಡದ ಮೇಲಿನ ಬಾವುಟ ಒಂದು ಕಡೆಗೆ ಹಾರುತ್ತಿದೆ, ಬಲಗಡೆಯದರಲ್ಲಿ ಇನ್ನೊಂದು ಕಡೆಗೆ. ಎರಡೂ ಬೇರೆ ಬೇರೆ ಹೊತ್ತಿನ ಚಿತ್ರಗಳು. ಪ್ರೀಸೆಟ್ ಬಣ್ಣ ಬದಲಿಸಬಹುದು, ಗಾಳಿಯ ದಿಕ್ಕನ್ನು ಬದಲಿಸಲಾರದು.

‘ಒಂದೇ ಚಿತ್ರ ಸಾಕು’ ಎಂದಿದ್ದರಲ್ಲ, ಐದರಲ್ಲಿ ನಡುವಿನದನ್ನು ತೆಗೆದುಕೊಂಡು ‘ರಾಯಲ್ ಇಂಟೀರಿಯರ್ 12’ ಎಂಬುದನ್ನು ಒತ್ತಿದೆ. ಸಣ್ಣ ಪರದೆಯಲ್ಲಿ, ನಡುರಾತ್ರಿಯಲ್ಲಿ ಅದು ಚೆನ್ನಾಗಿಯೇ ಕಂಡಿತು ಎಂದು ಒಪ್ಪಿಕೊಳ್ಳುತ್ತೇನೆ. ಎಂಟು ಚಿತ್ರಗಳನ್ನು ಹಾಗೆಯೇ ಮಾಡಿ ಮೇಡಂಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ಮಲಗಿದೆ. ಬೆಳಗ್ಗೆ ಏಳಕ್ಕೆ ಕರೆ ಬಂತು.

“ಇದು ನಮ್ಮ ಮನೆಯಲ್ಲಪ್ಪಾ. ಗೋಡೆಗೆಲ್ಲ ಕಜ್ಜಿ ಬಂದ ಹಾಗಿದೆಯಲ್ಲ!”

ಕಂಪ್ಯೂಟರ್ ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಅವರ ಮಾತಿನಲ್ಲಿ ಒಂದಕ್ಷರವೂ ಹೆಚ್ಚಲ್ಲ. ಸುಣ್ಣದ ಗೋಡೆಯ ಒಂದೊಂದು ಬಿರುಕೂ ನಕಾಶೆಯ ನದಿಯಂತೆ ಕಪ್ಪಾಗಿ ಹರಿದಿತ್ತು. ಎರಡು ತಲೆಮಾರು ಒರೆಸಿ ಒರೆಸಿ ಹೊಳಪು ಬರಿಸಿದ್ದ ಕೆಂಪು ನೆಲ ಕಿತ್ತಳೆ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಕಂಬಗಳ ಸುತ್ತ ದೇವರ ಪಟದಲ್ಲಿರುವಂಥ ಬಿಳಿಯ ಪ್ರಭಾವಳಿ. ಗವಾಕ್ಷಿ ಇದ್ದ ಕಡೆ ಬೆಳಕೇ ಇಲ್ಲ, ಒದ್ದೆ ಬೂದಿ ಮೆತ್ತಿದಂಥ ಒಂದು ಚೌಕ.

ಆ ಬೂದಿಯ ಚೌಕವೇ ವಿಷಯದ ತಿರುಳು. 1/15ರ ಚಿತ್ರದಲ್ಲಿ ಗವಾಕ್ಷಿ ಪೂರ್ತಿ ಸುಟ್ಟು ಬಿಳಿಯಾಗಿತ್ತು, ಅಂದರೆ ಅಲ್ಲಿ ದಾಖಲಾದ ವಿವರವೇ ಶೂನ್ಯ. ಇಲ್ಲದ ವಿವರವನ್ನು ಪ್ರೀಸೆಟ್ ಎಲ್ಲಿಂದ ತಂದೀತು? ಬಿಳಿಯನ್ನು ಕೆಳಗೆ ಎಳೆದರೆ ಬೂದಿ ಬರುತ್ತದೆ, ಬಿಸಿಲು ಬರುವುದಿಲ್ಲ. ಬಿಸಿಲಿನ ವಿವರ ಇದ್ದದ್ದು 1/250ರ ಚಿತ್ರದಲ್ಲಿ, ಅದನ್ನು ನಾನು ಮುಟ್ಟಿಯೇ ಇರಲಿಲ್ಲ. ಸರಿ, ಹೊಳೆಯುವ ಭಾಗಗಳನ್ನು ತಗ್ಗಿಸುವ ಹೈಲೈಟ್ಸ್ ಸ್ಲೈಡರನ್ನು ಹಿಂದಕ್ಕೆ ತಂದೆ. ಗವಾಕ್ಷಿ ಮತ್ತೆ ಸುಣ್ಣವಾಯಿತು. ಎಕ್ಸ್‌ಪೋಶರ್ (ಇಡೀ ಚಿತ್ರದ ಬೆಳಕು) ಇಳಿಸಿದೆ, ಗವಾಕ್ಷಿಯ ಸುಣ್ಣ ಮತ್ತೆ ಬೂದಿಗೆ ತಿರುಗಿತು, ಜೊತೆಗೆ ನಡುಮನೆಯೂ ಇದ್ದಿಲಾಯಿತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂಬ ಗಾದೆ ಯಾರ ಮನೆಯಲ್ಲಿ ಹುಟ್ಟಿತೋ, ಅಂದು ನನ್ನ ಪರದೆಯ ಮೇಲೆ ಅಕ್ಷರಶಃ ನಡೆಯಿತು.

ಸಿಟ್ಟಿನಲ್ಲಿ ಪ್ರೀಸೆಟ್ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ನಾನು ಚಿತ್ರ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನ ಪ್ರೀಸೆಟ್‌ಗಳು 2018ರಿಂದ ಎಕ್ಸ್‌ಎಂಪಿ ರೂಪದಲ್ಲಿವೆ, ಬರಿಯ ಪಠ್ಯ, ಯಾರು ಬೇಕಾದರೂ ತೆರೆದು ಓದಬಹುದು. ಹೈಲೈಟ್ಸ್ -100. ಶ್ಯಾಡೋಸ್ (ನೆರಳಿನ ಭಾಗದ ಬೆಳಕು) +100. ಕ್ಲಾರಿಟಿ (ಅಂಚು, ಗೆರೆಗಳ ಎದ್ದುಕಾಣಿಕೆ) +75. ಸ್ಯಾಚುರೇಶನ್ (ಬಣ್ಣದ ಗಾಢತೆ) +40. ಟೆಂಪರೇಚರ್ (ಬಣ್ಣ ಹಳದಿಗೋ ನೀಲಿಗೋ ವಾಲುವ ಅಳತೆ) 7200. ಇಷ್ಟೇ. ಗೋಡೆಯ ಕಜ್ಜಿ ಆ 75, ಕಿತ್ತಳೆ ನೆಲ ಆ 40 ಮತ್ತು 7200 ಸೇರಿದ್ದು. ನನ್ನ ಚಿತ್ರದ ಟೆಂಪರೇಚರ್ 5200ರ ಆಸುಪಾಸಿನಲ್ಲಿತ್ತು; ಯಾರದೋ ಮಂಜಿನ ಬೆಟ್ಟಕ್ಕೆ ಹೊಂದಿಸಿದ ಅಂಕಿಯನ್ನು ನಮ್ಮ ಮೇಡಂ ಮನೆಯ ನೆಲಕ್ಕೆ ಬಳಿದಿದ್ದೆ. ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡು ದಾರಿ ನಡೆದಂತೆ. ‘ರಾಯಲ್ ಇಂಟೀರಿಯರ್ 12’ರ ಪಕ್ಕದಲ್ಲೇ ‘ಮಾನ್ಸೂನ್ ಮೂಡ್ 31’ ತೆರೆದೆ. ಟೆಂಪರೇಚರ್ ಒಂದನ್ನು ಬಿಟ್ಟು ಎಲ್ಲ ಅಂಕಿಗಳೂ ಅವೇ! 1,500ರಲ್ಲಿ ಅರುವತ್ತನ್ನು ಹೀಗೆ ತೆರೆದು ನೋಡಿದ ಮೇಲೆ ಸಾಕೆನಿಸಿತು. ಏಳೆಂಟು ಬಗೆ, ಉಳಿದದ್ದೆಲ್ಲ ನಾಮಕರಣ.

ಇಷ್ಟಕ್ಕೆ ನಿಲ್ಲಿಸಿದ್ದರೆ 799ರಲ್ಲಿ ಮುಗಿಯುತ್ತಿತ್ತು. ಆದರೆ ನಾನು ಮಾರಿದವನಿಗೆ ದೂರು ಕಳುಹಿಸಿದೆ. ಉತ್ತರ ಬಹಳ ವಿನಯದಿಂದ ಬಂತು: ‘ಸರ್, ನಿಮ್ಮ ಸಾಫ್ಟ್‌ವೇರ್‌ನಲ್ಲಿ ನಿಜವಾದ ಎಚ್‌ಡಿಆರ್ ಚಾಲೂ ಇಲ್ಲ. ಎಡಿಟ್ ಫಲಕದಲ್ಲಿ ಎಚ್‌ಡಿಆರ್ ಗುಂಡಿ ಒತ್ತಿ ನೋಡಿ.’ ಒತ್ತಿದೆ. ನಿಮ್ಮ ಪರದೆ ಇದಕ್ಕೆ ಒದಗುವುದಿಲ್ಲ ಎಂಬ ಸೂಚನೆ ಬಂತು. ‘ನೋಡಿದಿರಾ ಸರ್? ನಮ್ಮ ಸಾಫ್ಟ್‌ವೇರ್ ಹಾಕಿಕೊಳ್ಳಿ, ಜೀವಮಾನದ ಲೈಸೆನ್ಸ್, 2,499 ಮಾತ್ರ.’

ಇಲ್ಲಿ ನಾನು ಮೋಸಹೋದದ್ದು ಒಂದು ಹೆಸರಿನ ಗೊಂದಲದಿಂದ. ಇನ್ನೂ ಎಷ್ಟೋ ಜನ ಹೋಗುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಚ್‌ಡಿಆರ್ ಎಂಬ ಒಂದೇ ಹೆಸರಿನಲ್ಲಿ ಈಗ ಎರಡು ಬೇರೆ ಕೆಲಸಗಳಿವೆ. ಒಂದು, ಹಲವು ಚಿತ್ರ ಬೆಸೆದು ಸಾಮಾನ್ಯ ಪರದೆಗೂ ಕಾಗದಕ್ಕೂ ಒಗ್ಗುವಂತೆ ಬೆಳಕನ್ನು ತಗ್ಗಿಸಿ ಕೂಡಿಸುವುದು. ಫೋಟೊಶಾಪ್‌ಗೆ ಅದು 2005ರಲ್ಲಿ, ಲೈಟ್‌ರೂಮ್‌ಗೆ 2015ರಲ್ಲಿ ಬಂತು. ಇನ್ನೊಂದು, ಹೆಚ್ಚು ಪ್ರಕಾಶ ಕೊಡಬಲ್ಲ ಹೊಸ ಪರದೆಗಳಲ್ಲಿ ಚಿತ್ರದ ಬೆಳಕಿನ ಭಾಗ ನಿಜವಾಗಿಯೇ ಪ್ರಖರವಾಗಿ ಕಾಣುವಂತೆ ಮಾಡುವುದು. ಲೈಟ್‌ರೂಮ್‌ನ ಆ ಗುಂಡಿ 2023ರಲ್ಲಿ ಬಂದದ್ದು, ಆಂಡ್ರಾಯ್ಡ್ 14ರ ಅಲ್ಟ್ರಾ ಎಚ್‌ಡಿಆರ್ ಕೂಡ ಇದೇ ಜಾತಿ. ನನಗೆ ಬೇಕಿದ್ದದ್ದು ಮೊದಲನೆಯದು, ಅದು ನನ್ನ ಬಳಿ ಮೊದಲೇ ಇತ್ತು. ಆತ ಎರಡನೆಯದನ್ನು ತೋರಿಸಿ ಮೊದಲನೆಯದು ಇಲ್ಲವೆಂದು ನಂಬಿಸಿದ. ಲೆಕ್ಕಪತ್ರದಲ್ಲಿ ಇಂಥದ್ದನ್ನು ಹಿಡಿಯುವುದೇ ನನ್ನ ಕಸುಬು, ನಗಬೇಡಿ.

ಬಂದದ್ದು ಒಂದು ಜಿಪ್ ಕಡತ. ಒಳಗೆ ಇಎಕ್ಸ್‌ಇ (ತೆರೆದರೆ ತಾನೇ ಓಡುವ ಪ್ರೋಗ್ರಾಂ), ಜೊತೆಗೊಂದು ಚೀಟಿ: ‘ಹಾಕುವ ಮುನ್ನ ಆಂಟಿವೈರಸ್ ನಿಲ್ಲಿಸಿ, ಅದು ಸುಳ್ಳು ಎಚ್ಚರಿಕೆ ಕೊಡುತ್ತದೆ.’ ನಿಲ್ಲಿಸಿದೆ. ಈ ನಾಲ್ಕಕ್ಷರದ ಕ್ರಿಯಾಪದ ಬರೆಯುವಾಗ ಈಗಲೂ ಕೈ ನಾಚುತ್ತದೆ. ಕಿಟಕಿಯೊಂದು ತೆರೆದು ಮುಚ್ಚಿಕೊಂಡಿತು, ಮತ್ತೇನೂ ಆಗಲಿಲ್ಲ. ಅದು ಭಾನುವಾರ. ಮಂಗಳವಾರ ಬೆಳಗ್ಗೆ ನೋಡಿದರೆ ಎಲ್ಲ ಕಡತಗಳ ಹೆಸರಿಗೂ ನಾಲ್ಕಕ್ಷರದ ಬಾಲ ಬೆಳೆದಿದೆ, ಯಾವುದೂ ತೆರೆಯುವುದಿಲ್ಲ. ಪ್ರತಿ ಫೋಲ್ಡರ್‌ನಲ್ಲೂ ಒಂದು ಪತ್ರ: ಬೀಗ ತೆಗೆಯಲು ಡಾಲರ್ ಕೊಡಿ, 72 ಗಂಟೆಯೊಳಗೆ ಕೊಟ್ಟರೆ ಅರ್ಧ ಬೆಲೆ. ಇಲ್ಲಿಯೂ ಗಡಿಯಾರ! ಬ್ಯಾಕಪ್ ಇತ್ತೆ ಎಂದು ಕೇಳುತ್ತೀರಿ. ಇತ್ತು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ. ಅದನ್ನು ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಇಟ್ಟಿದ್ದೆ. ಅದರೊಳಗಿನದಕ್ಕೂ ಬಾಲ ಬೆಳೆದಿತ್ತು.

ಆಟೊದಲ್ಲಿ ಸಿಪಿಯು ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವರು ಪತ್ರದ ಮೊದಲ ಸಾಲು ಓದಿ, “ಏನು ಸರ್, ಯಾವುದೋ ಕಳ್ಳ ಸಾಫ್ಟ್‌ವೇರ್, ಕ್ರ್ಯಾಕ್ ಹಾಕಿದಿರಾ?” ಎಂದರು. ಅವರಿಗೆ ಇದು ವಾರಕ್ಕೊಮ್ಮೆಯ ರೋಗಿ. ದುಡ್ಡು ಮಾತ್ರ ಕೊಡಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿ, ‘ನೋ ಮೋರ್ ರ‍್ಯಾನ್ಸಮ್’ ಎಂಬ ತಾಣ ತೋರಿಸಿದರು. ಯೂರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಮತ್ತು ಭದ್ರತಾ ಸಂಸ್ಥೆಗಳು ಸೇರಿ 2016ರಲ್ಲಿ ಶುರುಮಾಡಿದ್ದು; ಬೀಗ ಬಿದ್ದ ಕಡತದ ಮಾದರಿ ಕೊಟ್ಟರೆ, ಕೀಲಿ ಸಿಕ್ಕಿರುವ ಜಾತಿಯಾದರೆ ಉಚಿತವಾಗಿ ಕೊಡುತ್ತಾರೆ. ನನ್ನ ಜಾತಿಗೆ ಸಿಕ್ಕಿರಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದೂ ಗುರುವಾರ. ಹಣ ಹೋದ ಕೂಡಲೇ ಕರೆ ಮಾಡಿದರೆ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ನಾಲ್ಕು ದಿನ ಬಿಟ್ಟು ಕರೆ ಮಾಡಿದವನು ದೂರಿನ ಸಂಖ್ಯೆ ಬರೆದುಕೊಳ್ಳಬೇಕು ಅಷ್ಟೆ.

ಉಳಿದದ್ದು ಕ್ಯಾಮೆರಾದ ಕಾರ್ಡ್. ಸೋಮಾರಿತನದಿಂದ ಫಾರ್ಮ್ಯಾಟ್ ಮಾಡಿರಲಿಲ್ಲ, ಮೇಡಂ ಮನೆಯ ಐದೈದು ಚಿತ್ರಗಳೂ ಅದರಲ್ಲಿದ್ದವು. ಕಂಪ್ಯೂಟರ್ ಪೂರ್ತಿ ಒರೆಸಿ, ಎಲ್ಲ ಹೊಸದಾಗಿ ಹಾಕಿಸಿಕೊಂಡು, ಲೈಟ್‌ರೂಮ್‌ನಲ್ಲಿ ಐದನ್ನೂ ಆಯ್ದು ಕಂಟ್ರೋಲ್ ಜೊತೆ ಎಚ್ ಒತ್ತಿದೆ. ತೂಗುಮಣೆ ಗಾಳಿಗೆ ಒಂದಿಷ್ಟು ಅಲುಗಿದ್ದರಿಂದ ಎರಡು ಮಣೆಯ ನೆರಳು ಬಂದಿತ್ತು. ಡಿಗೋಸ್ಟ್ ಎಂಬಲ್ಲಿ ‘ಲೋ’ ಆಯ್ದ ಮೇಲೆ ಒಂದೇ ಆಯಿತು. ಬೆಸೆದು ಬಂದ ಡಿಎನ್‌ಜಿ ಕಡತದಲ್ಲಿ ಎಕ್ಸ್‌ಪೋಶರ್ ಸ್ಲೈಡರ್ ಎಂದಿನ ಐದರ ಬದಲು ಹತ್ತರವರೆಗೆ ಓಡುತ್ತದೆ, ಅಷ್ಟು ಬೆಳಕು ಒಳಗೆ ತುಂಬಿರುತ್ತದೆ. ಗವಾಕ್ಷಿಯ ಹೆಂಚಿನ ಅಂಚೂ ಕಂಡಿತು, ಮೂಲೆಯ ಹಿತ್ತಾಳೆ ಹಂಡೆಯೂ ಕಂಡಿತು. ಒಂದು ಚಿತ್ರಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಹಿಡಿಯಲಿ.

ಲೈಟ್‌ರೂಮ್‌ಗೆ ತಿಂಗಳು ತಿಂಗಳು ಹಣ ಕಟ್ಟುವುದು ಬೇಡ ಎನ್ನುವವರಿಗೆ ಡಾರ್ಕ್‌ಟೇಬಲ್ ಮತ್ತು ಲ್ಯೂಮಿನೆನ್ಸ್ ಎಚ್‌ಡಿಆರ್ ಉಚಿತವಾಗಿವೆ, ಕಲಿಯಲು ತಾಳ್ಮೆ ಬೇಕು. ಫೋಟೊಮ್ಯಾಟಿಕ್ಸ್ ಹಣ ಕೊಟ್ಟು ಕೊಳ್ಳುವಂಥದ್ದು. ಆದರೆ ಪರೀಕ್ಷೆಗೆ ಕೊಡುವ ಆವೃತ್ತಿ ಚಿತ್ರದ ಮೇಲೆ ತನ್ನ ಮುದ್ರೆ ಒತ್ತುತ್ತದೆ, ಅಷ್ಟೇ. ನಿಮ್ಮದೇ ಚಿತ್ರದಲ್ಲಿ ನೋಡಿ ಕೊಳ್ಳಬಹುದು. ಪ್ರೀಸೆಟ್‌ಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ನನ್ನ ಬಳಿ ಈಗಲೂ ನಾಲ್ಕಿವೆ, ನಾನೇ ಮಾಡಿಕೊಂಡವು, ಅವುಗಳಲ್ಲಿ ಟೆಂಪರೇಚರ್ ಸೇರಿಸಿಲ್ಲ. ಕೊಳ್ಳಲೇಬೇಕೆಂದಿದ್ದರೆ ಮಾರುವವನಿಂದ ಮೊದಲು ಒಂದನ್ನು ಕೇಳಿ ಪಡೆದು ನಿಮ್ಮ ಕ್ಯಾಮೆರಾದ ರಾ (ತಿದ್ದದ ಮೂಲ) ಚಿತ್ರದ ಮೇಲೆ, ಅದೂ ಕಿಟಕಿ ಇರುವ ಕೋಣೆಯ ಚಿತ್ರದ ಮೇಲೆ ಹಾಕಿ ನೋಡಿ. ಕೊಡುವುದಿಲ್ಲ ಎಂದರೆ ಅದೇ ಉತ್ತರ. ಪ್ರೀಸೆಟ್ ಹೆಸರಿನಲ್ಲಿ ಇಎಕ್ಸ್‌ಇ ಬಂದರೆ ತೆರೆಯಲೇಬೇಡಿ. ಬ್ಯಾಕಪ್ ಡಿಸ್ಕನ್ನು ಕೆಲಸ ಮುಗಿದ ಮೇಲೆ ಕಿತ್ತು ಬೀರುವಿನಲ್ಲಿಡಿ.

ಹೊಸ ಚಿತ್ರಗಳನ್ನು ಈ ಸಲ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸದೆ ನಾನೇ ಮನೆಗೆ ಒಯ್ದು ತೋರಿಸಿದೆ. ಮೇಡಂ ಕನ್ನಡಕ ಏರಿಸಿ, ನೆಲದ ಬಣ್ಣವನ್ನು ಚಿತ್ರದಲ್ಲೊಮ್ಮೆ, ಕಾಲ ಕೆಳಗೊಮ್ಮೆ ನೋಡಿ ತಲೆಯಾಡಿಸಿದರು. ಕಾಫಿ ಬಂತು, ಹಣವೂ ಬಂತು. ಹೊರಡುವಾಗ, “ಮೇಡಂ, ಆ ಹಳೆಯ ಚಿತ್ರಗಳನ್ನು ದಯವಿಟ್ಟು ಅಳಿಸಿಬಿಡಿ” ಎಂದು ಕೇಳಿಕೊಂಡೆ.

“ಅಯ್ಯೋ, ಅದು ಬೇಕಪ್ಪಾ. ಗೋಡೆ ಎಲ್ಲೆಲ್ಲಿ ಬಿರುಕು ಬಿಟ್ಟಿದೆ ಎಂದು ಇಷ್ಟು ವರ್ಷ ಇದ್ದ ನನಗೇ ಗೊತ್ತಿರಲಿಲ್ಲ. ಸೋಮವಾರ ಗಾರೆಯವನು ಬರುತ್ತಾನೆ, ಅವನಿಗೆ ತೋರಿಸಬೇಕು.”